ಭಂಗಿಯೂ ಆನಂದವೂ

ಶಬ್ದಗಳ ಜಾಡು ಹಿಡಿದು ಹೋಗುವುದು ಕನ್ನಡ ಮೇಷ್ಟರಿಗೆ ಅಂಟಿಕೊಂಡ ಚಾಳಿ. ನಿವೃತ್ತನಾದ ಮೇಲೆ ಮಿದುಳಿನ ರಸಾಯನವನ್ನು ಕುರಿತ ಪುಸ್ತಕವೊಂದನ್ನು ಓದುತ್ತಿದ್ದಾಗ ‘ಆನಂದಮೈಡ್’ ಎಂಬ ಹೆಸರು ಎದುರಾಯಿತು. 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಇಟ್ಟ ಹೆಸರು ಅದು. ಅದರ ಉತ್ತರಾರ್ಧ ರಸಾಯನಶಾಸ್ತ್ರದ್ದು. ಪೂರ್ವಾರ್ಧ ನಮ್ಮ ಸಂಸ್ಕೃತದ ‘ಆನಂದ’ವೇ. ಆ ಆನಂದವನ್ನು ಹುಡುಕಲು ಅವರಿಗೆ ದಾರಿ ತೋರಿಸಿದ್ದು ಗಾಂಜಾ ಗಿಡ.

ಇಂಥ ಪುಸ್ತಕವನ್ನು ನಾನು ಕೈಗೆತ್ತಿಕೊಂಡದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬ ನನಗೊಂದು ಪ್ರಶ್ನೆ ಕೇಳಿದ್ದ. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಗಿಡ ನಮಗೆ ಹೊಸದಲ್ಲ. ಅಥರ್ವವೇದದಲ್ಲಿ ‘ಭಂಗ’ದ ಹೆಸರಿದೆ, ಆಯುರ್ವೇದ ಅದನ್ನು ‘ವಿಜಯಾ’ ಎಂದು ಕರೆಯಿತು, ನಮ್ಮ ಜನ ‘ಭಂಗಿ’ ಎಂದರು. ಎಲೆಯನ್ನು ಅರೆದು ಕುಡಿದರೆ ಭಂಗಿ, ಹೆಣ್ಣು ಗಿಡದ ಹೂತೆನೆಯನ್ನು ಒಣಗಿಸಿ ಸೇದಿದರೆ ಗಾಂಜಾ, ಅದರ ಅಂಟನ್ನು ಉಜ್ಜಿ ತೆಗೆದರೆ ಚರಸ್. ಬ್ರಿಟಿಷ್ ಸರ್ಕಾರ 1893-94ರಲ್ಲಿ ಒಂದು ಆಯೋಗವನ್ನೇ ನೇಮಿಸಿ ವಿಚಾರಣೆ ನಡೆಸಿತು. ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲ, ಅತಿಯಾದರೆ ಕೇಡುಂಟು ಎಂದು ಆಯೋಗ ತೀರ್ಮಾನಿಸಿತು. 1985ರ ಕಾಯ್ದೆ ಗಾಂಜಾ ಮತ್ತು ಚರಸ್‌ಗಳನ್ನು ನಿಷೇಧಿಸಿತು. ಬರಿಯ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು.

ಇಷ್ಟೆಲ್ಲ ಬಳಕೆಯಲ್ಲಿದ್ದರೂ ಈ ಗಿಡದಲ್ಲಿ ಮತ್ತೇರಿಸುವುದು ಯಾವುದು ಎಂಬುದು ಬಹುಕಾಲ ತಿಳಿದಿರಲಿಲ್ಲ. ಅಫೀಮಿನಿಂದ ಮಾರ್ಫೀನನ್ನು 19ನೆಯ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದರು. ಗಾಂಜಾದ ಗುಟ್ಟು ಮಾತ್ರ 1964ರವರೆಗೆ ಕಾಯಬೇಕಾಯಿತು. ಆ ವರ್ಷ ಇಸ್ರೇಲಿನ ರಫಾಯೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ, ಪೊಲೀಸರಿಂದ ಪಡೆದ ಚರಸ್‌ನಿಂದ ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ತೆಗೆದು ಅದರ ರಚನೆಯನ್ನು ತಿಳಿಸಿದರು. ನಾಲಗೆಗೆ ಸುಲಭವಾಗಲೆಂದು ಲೋಕ ಅದನ್ನು ಟಿ.ಎಚ್.ಸಿ. ಎನ್ನುತ್ತದೆ. 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್, ಈ ವಸ್ತು ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿರುವುದನ್ನು ಕಂಡುಕೊಂಡರು. ಆಗ ಒಂದು ಪ್ರಶ್ನೆ ಎದ್ದಿತು: ಎಲ್ಲಿಯೋ ಬೆಳೆಯುವ ಗಿಡದ ಅಂಟಿಗಾಗಿ ಮನುಷ್ಯನ ಮಿದುಳು ಪೀಠ ಹಾಕಿ ಕಾದಿರುವುದೆಂದರೇನು? ದೇಹದಲ್ಲಿಯೇ ಅಂಥದೊಂದು ವಸ್ತು ಹುಟ್ಟುತ್ತಿರಬೇಕು. ಡಿವೇನ್ ಜೆರುಸಲೇಮಿಗೆ ಹೋಗಿ ಮೆಶುಲಮರ ತಂಡದೊಡನೆ ಹುಡುಕಿದಾಗ ಸಿಕ್ಕಿದ್ದೇ ಆನಂದಮೈಡ್. 1995ರಲ್ಲಿ ಅದರ ಬಂಧುವೊಂದು ಬೆಳಕಿಗೆ ಬಂದಿತು.

ಇವುಗಳ ಕೆಲಸವೇನು? ಹಳ್ಳಿಯ ನೀರುಗಂಟಿಯನ್ನು ನೆನೆಸಿಕೊಳ್ಳಿ. ಕೆರೆಯ ನೀರು ಗದ್ದೆಗೆ ಹರಿಯುತ್ತಿದೆ. ಗದ್ದೆ ತುಂಬಿತೆಂದು ಕೆಳಗಿನಿಂದ ಕೂಗು ಬಂದರೆ ನೀರುಗಂಟಿ ಆ ಒಂದು ತೂಬನ್ನು ತಗ್ಗಿಸುತ್ತಾನೆ. ಬೇಕಾದಾಗ ಮತ್ತೆ ಎತ್ತುತ್ತಾನೆ. ಮಿದುಳಿನಲ್ಲೂ ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕ ಸಂದೇಶಗಳನ್ನು ಹರಿಸುತ್ತಿರುತ್ತದೆ. ಸಂದೇಶ ಮಿತಿಮೀರಿದಾಗ, ಪಡೆಯುವ ಕೋಶವೇ ಈ ವಸ್ತುಗಳನ್ನು ಆ ಕ್ಷಣಕ್ಕೆಂದು ತಯಾರಿಸಿ ಹಿಮ್ಮುಖವಾಗಿ ಕಳಿಸಿ ‘ಸಾಕು’ ಎನ್ನುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು ಅವನ್ನು ಒಡೆದುಹಾಕುತ್ತವೆ.

ಟಿ.ಎಚ್.ಸಿ. ಇದೇ ನೀರುಗಂಟಿಯ ವೇಷದಲ್ಲಿ ಬರುವ ಅಪರಿಚಿತ. ಯಾವ ಗದ್ದೆಯೂ ಅವನನ್ನು ಕರೆದಿಲ್ಲ. ಊರಿನ ತೂಬುಗಳಿಗೆಲ್ಲ ಒಮ್ಮೆಗೇ ಕೈಹಾಕುತ್ತಾನೆ, ಗಂಟೆಗಟ್ಟಲೆ ಕದಲುವುದಿಲ್ಲ. ಕೆಲವು ಗದ್ದೆ ಒಣಗುತ್ತವೆ. ತಡೆಯುವ ಸಂದೇಶಗಳ ತೂಬೇ ಮುಚ್ಚಿಹೋದಲ್ಲಿ ಕೆಲವು ಗದ್ದೆ ಕೊಚ್ಚಿಹೋಗುತ್ತವೆ. ಸುಖವನ್ನು ಸೂಚಿಸುವ ಡೋಪಮೀನ್ ಹೆಚ್ಚುವುದರಿಂದ ಮನಸ್ಸು ಹಗುರವೆನಿಸುತ್ತದೆ. ಹಸಿವಿನ ಕೇಂದ್ರ ಕೆರಳಿ, ಉಂಡವನಿಗೂ ಹಸಿವಾಗುತ್ತದೆ. ಕಾಲದ ಅಳತೆ ತಪ್ಪಿ ಐದು ನಿಮಿಷ ಅರ್ಧ ಗಂಟೆಯಂತೆ ಉದ್ದವಾಗುತ್ತದೆ. ಭಯವನ್ನು ನಿಯಂತ್ರಿಸುವೆಡೆಯಲ್ಲಿ, ಕಡಿಮೆಯಾದರೆ ನಿರಾಳ, ಹೆಚ್ಚಾದರೆ ದಿಗಿಲು, ಶಂಕೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಈ ಗ್ರಾಹಕಗಳು ದಟ್ಟವಾಗಿವೆ. ಈಗಷ್ಟೆ ಕಂಡದ್ದನ್ನು, ಕೇಳಿದ್ದನ್ನು ನೆನಪಾಗಿ ಕಟ್ಟುವ ಕಮ್ಮಟ ಅದು.

ಆ ವಿದ್ಯಾರ್ಥಿಯ ಮಾತು ಬರುವುದು ಇಲ್ಲಿಯೇ. ನಾನು ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ, ಕುಮಾರವ್ಯಾಸನ ಷಟ್ಪದಿಗಳನ್ನು ಪುಸ್ತಕ ನೋಡದೆ ಸಂಧಿ ಸಂಧಿಯಾಗಿ ಹೇಳಬಲ್ಲ ಹುಡುಗನೊಬ್ಬನಿದ್ದ. ಹತ್ತೊಂಬತ್ತರ ವಯಸ್ಸು. ಒಂದು ಸ್ಪರ್ಧೆಯಲ್ಲಿ ಹೊಸದಾಗಿ ಕಲಿತ ಪದ್ಯದ ನಡುವೆ ನಿಂತುಬಿಟ್ಟ, ಮೊದಲಿನಿಂದ ಎತ್ತಿಕೊಂಡ, ಅಲ್ಲಿಯೇ ಮತ್ತೆ ನಿಂತ. ಹಾಸ್ಟೆಲಿನ ಹುಡುಗರೊಡನೆ ದಿನವೂ ಗಾಂಜಾ ಸೇದುತ್ತಾನೆಂದು ಆಮೇಲೆ ತಿಳಿಯಿತು. ಕೋಣೆಗೆ ಕರೆಸಿ ಶೀಲ, ಸಂಸ್ಕೃತಿ, ತಂದೆತಾಯಿಯರ ಕಷ್ಟ ಎಂದು ಅರ್ಧ ಗಂಟೆ ಉಪದೇಶ ಮಾಡಿದೆ. ಅವನು ಕೇಳಿದ್ದು ಒಂದೇ ಮಾತು: “ಬಿಟ್ಟರೆ ಮೊದಲಿನ ಹಾಗೆ ನೆನಪು ಬರುತ್ತಾ ಸಾರ್?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಾಯಿ ಬಾರದೆ, ಎದುರು ಮಾತಾಡಬೇಡವೆಂದು ಗದರಿದೆ. ಮುಂದಿನ ವರ್ಷ ಅವನು ತರಗತಿಗೆ ಬರಲಿಲ್ಲ.

ಅವನು ಕೇಳದೆ ಬಿಟ್ಟ ಮಾತುಗಳೂ ಇವೆ. ಸೇದಿದಾಗ ಟಿ.ಎಚ್.ಸಿ. ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಎದೆಬಡಿತ ಏರುತ್ತದೆ, ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ. ಥಟ್ಟನೆ ಎದ್ದರೆ ತಲೆ ತಿರುಗುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಇದು ಆಟವಲ್ಲ. ತಿಂದರೆ ಕಥೆಯೇ ಬೇರೆ. ಮತ್ತೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಯಕೃತ್ತು ಅದನ್ನು ಇನ್ನೂ ಪ್ರಬಲವಾದ ರೂಪಕ್ಕೆ ತಿರುಗಿಸುತ್ತದೆ. ಏನೂ ಆಗಲಿಲ್ಲವೆಂದು ಮತ್ತೊಂದು ಉಂಡೆ ನುಂಗಿದವನು ಪಡುವ ಪಾಡು ಹೋಳಿಯ ಮರುದಿನ ಹಲವರಿಗೆ ತಿಳಿದದ್ದೇ. ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಈ ಗ್ರಾಹಕಗಳು ವಿರಳವಾದ್ದರಿಂದ, ಅಫೀಮಿನ ವರ್ಗದ ವಸ್ತುಗಳಂತೆ ಇದು ಉಸಿರನ್ನು ನಿಲ್ಲಿಸುವುದಿಲ್ಲ. ಈ ಸತ್ಯವನ್ನು ಮುಚ್ಚಿಟ್ಟು ಹೆದರಿಸಿದರೆ ಹುಡುಗರು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಉಳಿದ ಮಾತೇ ಗಂಭೀರವಾದದ್ದು. ಮಿದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ; ವಿವೇಚನೆಯನ್ನು ನಡೆಸುವ ಮುಂಭಾಗ ಕೊನೆಗೆ ಪಕ್ವವಾಗುತ್ತದೆ. ಕಾಲುವೆಗಳನ್ನು ಇನ್ನೂ ತೋಡುತ್ತಿರುವಾಗಲೇ ಸುಳ್ಳು ನೀರುಗಂಟಿ ಬಂದು ಕುಳಿತರೆ ಹೇಗೆ? ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,000ಕ್ಕೂ ಹೆಚ್ಚು ತರುಣರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸೇರುವ ಮೊದಲೇ 50ಕ್ಕಿಂತ ಹೆಚ್ಚು ಬಾರಿ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಸಂಭವ, ಸೇದದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು. ಬೇರೆ ಕಾರಣಗಳನ್ನು ಕಳೆದು ಲೆಕ್ಕಹಾಕಿದಾಗ ಈ ಪ್ರಮಾಣ ತಗ್ಗಿತಾದರೂ ನಂಟು ಅಳಿಯಲಿಲ್ಲ. ಹೆಚ್ಚಿನವರಿಗೆ ಆ ರೋಗ ಬರುವುದಿಲ್ಲ ಎಂಬುದೂ ನಿಜ. ಮನೆತನದಲ್ಲಿ ಅದರ ಸುಳಿವಿದ್ದವರಿಗೆ ಅಪಾಯ ಹೆಚ್ಚು. ಇದಲ್ಲದೆ ಸರಕೂ ಬದಲಾಗಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿ.ಎಚ್.ಸಿ. 1995ರಲ್ಲಿ ಶೇಕಡಾ 4ರಷ್ಟಿದ್ದದ್ದು 2014ರ ಹೊತ್ತಿಗೆ 12ಕ್ಕೆ ಏರಿತ್ತು. 1894ರ ಆಯೋಗದ ‘ಮಿತ’ವನ್ನು ಇಂದಿನ ಚಿಲುಮೆಗೆ ಹಚ್ಚಲಾಗದು.

ಇದೇ ವಸ್ತು ವೈದ್ಯರ ಕೈಯಲ್ಲಿ ಮದ್ದೂ ಹೌದು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಯನ್ನು ತಡೆಯಲು 1985ರಲ್ಲಿ ಅಮೆರಿಕ ಇದನ್ನು ಗುಳಿಗೆಯ ರೂಪದಲ್ಲಿ ಒಪ್ಪಿತು. ವಸ್ತುವಿನಲ್ಲಿ ಪಾಪಪುಣ್ಯಗಳಿಲ್ಲ, ಪ್ರಮಾಣ, ವಯಸ್ಸು, ಉದ್ದೇಶಗಳಿವೆ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ದಿನವೂ ಸೇದಿದರೆ ಮಿದುಳು ತನ್ನ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಮೊದಲಿನ ಸುಖಕ್ಕೆ ಹೆಚ್ಚು ಹೆಚ್ಚು ಬೇಕಾಗುತ್ತದೆ. ಬಿಟ್ಟ ಮೇಲೆ ಕೆಲವು ದಿನ ನಿದ್ದೆ ಬಾರದು, ಸಿಡುಕು ಹೆಚ್ಚುತ್ತದೆ, ಅನ್ನ ರುಚಿಸದು. ಸುಮಾರು ಒಂದು ತಿಂಗಳು ದೂರವಿದ್ದರೆ ಗ್ರಾಹಕಗಳು ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತವೆ. ಕಲಿಯುವ ಶಕ್ತಿ ಅದಕ್ಕೂ ಮೊದಲೇ ಚೇತರಿಸಿಕೊಳ್ಳತೊಡಗುತ್ತದೆ. ಎಳೆಯ ವಯಸ್ಸಿನಲ್ಲಿ ಆರಂಭಿಸಿ ವರ್ಷಗಟ್ಟಲೆ ಸೇದಿದವರಿಗೆ ಪೂರ್ತಿ ಮರಳೀತೆಂಬ ಭರವಸೆಯಿಲ್ಲ. ಅವನಾದರೋ ಸೇದಲಾರಂಭಿಸಿ ಕೆಲವೇ ತಿಂಗಳಾಗಿದ್ದವು.

ಬರುತ್ತದಪ್ಪ, ಬಹುಮಟ್ಟಿಗೆ ಬರುತ್ತದೆ. ಒಂದು ತಿಂಗಳು ಬಿಟ್ಟು ನೋಡು, ನಿದ್ದೆ ಬಾರದ ರಾತ್ರಿ ನಮ್ಮ ಮನೆಗೆ ಬಾ, ಪದ್ಯ ಓದೋಣ. ಅಂದು ಇಷ್ಟು ಹೇಳಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದರೆ, ದಯವಿಟ್ಟು ಗದರಬೇಡಿ. ಕೇಳುವವನು ಬಿಡಲು ಅರ್ಧ ಮನಸ್ಸು ಮಾಡಿಕೊಂಡೇ ಬಂದಿರುತ್ತಾನೆ.