ಹಾವಿಗೆ ತಕ್ಕ ಮನೆ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿಕೊಂಡಿತು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಹಾವನ್ನು ಹಳಿಯುವುದಕ್ಕೆ ಬಳಸುತ್ತೇವೆ. ದುಡಿದವರು ಒಬ್ಬರು, ಉಂಡವರು ಇನ್ನೊಬ್ಬರು ಎಂಬುದು ಅದರ ತಾತ್ಪರ್ಯ. ಆದರೆ ಇದೇ ಮಾತನ್ನು ಹಾವಿನ ಕಡೆಯಿಂದ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ತರಗೆಲೆಗಳನ್ನು ರಾಶಿ ಹಾಕಿ ಮೊಟ್ಟೆಗೆ ಗೂಡು ಮಾಡುವ ಕಾಳಿಂಗದಂಥ ಕೆಲವನ್ನು ಬಿಟ್ಟರೆ, ಕೈಕಾಲುಗಳಿಲ್ಲದ ಆ ಪ್ರಾಣಿ ಮನೆಯನ್ನು ಆರಿಸಿಕೊಳ್ಳಬಲ್ಲುದೇ ಹೊರತು ಕಟ್ಟಿಕೊಳ್ಳಲಾರದು. ಅದರ ಬದುಕು ಬಹುಮಟ್ಟಿಗೆ ಆ ಆಯ್ಕೆಯ ಮೇಲೆ ನಿಂತಿದೆ. ಆಯ್ಕೆಯ ಹಕ್ಕನ್ನು ಮನುಷ್ಯ ತನ್ನ ಕೈಗೆ ತೆಗೆದುಕೊಂಡಾಗ, ಎಂದರೆ ಹಾವನ್ನು ಮನೆಯೊಳಗೆ ಸಾಕತೊಡಗಿದಾಗ, ಅದರ ಹೊಣೆಯೂ ಅವನದೇ ಆಗುತ್ತದೆ. ಇಂದು ನಾನು ಹೇಳಹೊರಟಿರುವುದು ಈ ಹೊಣೆಯ ವಿಚಾರ.

ಹಾವನ್ನು ಸಾಕುವುದೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದವನೇ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಹಾವನ್ನು ಕಂಡಿದ್ದು ಹೆಚ್ಚಾಗಿ ಕಾವ್ಯದ ಉಪಮೆಗಳಲ್ಲಿ. ಉಳಿದಂತೆ ತೋಟದ ಬೇಲಿಯಲ್ಲಿ, ಅದೂ ಓಡುತ್ತ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗನ ಮನೆಗೆ ಒಂದು ಅಕ್ಟೋಬರಿನಲ್ಲಿ ಹೋದಾಗ, ಹನ್ನೆರಡು ವರ್ಷದ ಮೊಮ್ಮಗ ನನ್ನನ್ನು ಕೈಹಿಡಿದು ನಡುಮನೆಗೆ ಕರೆದೊಯ್ದು ಒಂದು ಗಾಜಿನ ಪೆಟ್ಟಿಗೆಯನ್ನು ತೋರಿಸಿದ. ಒಳಗೆ ಕಂದು ಮೈಮೇಲೆ ಹೊನ್ನಿನ ಮಚ್ಚೆಗಳಿದ್ದ ಒಂದು ಹಾವು, ತಲೆಯನ್ನು ನಡುವೆ ಅಡಗಿಸಿ, ಚೆಂಡಿನಂತೆ ಸುತ್ತಿಕೊಂಡು ಬಿದ್ದಿತ್ತು.

ಇದನ್ನು ಅಮೆರಿಕದವರು ಬಾಲ್ ಪೈಥಾನ್ ಎನ್ನುತ್ತಾರೆ. ಚೆಂಡು ಹೆಬ್ಬಾವು ಎಂದು ನಾವು ಕರೆಯಬಹುದು. ಇಂಗ್ಲೆಂಡಿನಲ್ಲಿ ಇದಕ್ಕೆ ರಾಯಲ್ ಪೈಥಾನ್ ಎಂಬ ರಾಜಮರ್ಯಾದೆಯ ಹೆಸರಿದೆ. ವಿಷವಿಲ್ಲದ ಜೀವಿ. ಹೆಬ್ಬಾವಿನ ಕುಲದಲ್ಲಿ ಹುಟ್ಟಿದರೂ ಗಾತ್ರದಲ್ಲಿ ಚಿಕ್ಕದು. ಗಂಡು ಮೂರು ಮೂರೂವರೆ ಅಡಿ, ಹೆಣ್ಣು ನಾಲ್ಕೈದು ಅಡಿ. ಹೆದರಿದಾಗ ಮೇಲೆ ಬೀಳುವುದಿಲ್ಲ, ಚೆಂಡಾಗುತ್ತದೆ. ಮೊಮ್ಮಗ ಅದನ್ನು ಹಾವಿನ ಜಾಣ್ಮೆಯೆಂದು ನನಗೆ ಹೆಮ್ಮೆಯಿಂದ ತೋರಿಸಿದ್ದ. ಅದು ಅದರ ಭಯದ ಭಾಷೆ ಎಂಬುದು ನಮ್ಮಿಬ್ಬರಿಗೂ ತಿಳಿಯಲು ಕೆಲವು ತಿಂಗಳು ಬೇಕಾಯಿತು.

ಈ ಹಾವಿನ ತವರು ಆಫ್ರಿಕ ಖಂಡ. ಪಶ್ಚಿಮದ ಸೆನೆಗಲ್‌ನಿಂದ ಹಿಡಿದು ನಡುನಾಡಿನ ಉಗಾಂಡದವರೆಗೆ. ಅಲ್ಲಿ ಅದು ಹಗಲನ್ನೆಲ್ಲ ಎಲ್ಲಿ ಕಳೆಯುತ್ತದೆ ಬಲ್ಲಿರಾ? ಇಲಿ ಹೆಗ್ಗಣಗಳ ಬಿಲಗಳಲ್ಲಿ, ಗೆದ್ದಲು ಬಿಟ್ಟುಹೋದ ಹುತ್ತಗಳಲ್ಲಿ. ನಮ್ಮ ಗಾದೆ ಆಫ್ರಿಕದ ನೆಲದಲ್ಲಿಯೂ ನಿಜ! ಅಷ್ಟೇ ಅಲ್ಲ, ಬೆನಿನ್ ದೇಶದ ವೀದಾ ಎಂಬ ಪಟ್ಟಣದಲ್ಲಿ ಈ ಹಾವುಗಳಿಗಾಗಿಯೇ ಒಂದು ಗುಡಿ ಇದೆ. ದಾರಿತಪ್ಪಿ ಯಾರ ಮನೆಗಾದರೂ ಹಾವು ಹೊಕ್ಕರೆ ಅದನ್ನು ಹೊಡೆಯದೆ ಗುಡಿಗೆ ತಂದು ಬಿಡುತ್ತಾರೆ. ನಾಗರಪಂಚಮಿಯ ನಾಡಿನಿಂದ ಹೋದ ನನಗೆ ಈ ಸಂಗತಿ ತಿಳಿದಾಗ, ಗಾಜಿನ ಪೆಟ್ಟಿಗೆಯ ಆ ಜೀವಿ ಒಂದು ಹೆಜ್ಜೆ ಹತ್ತಿರ ಬಂದಂತಾಯಿತು.

ಆದರೆ ಅದರ ಸ್ಥಿತಿ ನೆಟ್ಟಗಿರಲಿಲ್ಲ. ಪೆಟ್ಟಿಗೆಯ ನಾಲ್ಕು ಗೋಡೆಯೂ ಗಾಜು, ಮೇಲ್ಭಾಗ ತಂತಿಯ ಬಲೆ. ಒಳಗೆ ಒಂದು ನೀರಿನ ಬಟ್ಟಲು, ಒಂದು ಪ್ಲಾಸ್ಟಿಕ್ ಗಿಡ, ಮೇಲೆ ಪ್ರಖರವಾದ ದೀಪ. ನಡುಮನೆಯಲ್ಲಿ, ಹೋಗಿಬರುವವರೆಲ್ಲ ನೋಡುವಂತೆ ಇಟ್ಟಿದ್ದರು. ನವೆಂಬರಿನಲ್ಲಿ ಹಿಮ ಬಿದ್ದು ಮನೆಯ ಕುಲುಮೆ ಹೊತ್ತಿಕೊಂಡ ಮೇಲೆ ಹಾವು ಊಟ ಬಿಟ್ಟಿತು. ಡಿಸೆಂಬರಿನಲ್ಲಿ ಪೊರೆ ಕಳಚಿದಾಗ ಅದು ಒಂದೇ ಚೀಲವಾಗಿ ಬರದೆ ಚೂರುಚೂರಾಗಿ ಮೈಗಂಟಿಕೊಂಡಿತು. ಒಂದು ಕಣ್ಣಿನ ಮೇಲಿನ ಪೊರೆ ಹಾಗೆಯೇ ಉಳಿಯಿತು. ಹುಡುಗ ಅತ್ತ. ಪಶುವೈದ್ಯರ ಬಳಿಗೆ ಒಯ್ದೆವು. ಅವರು ಹಾವನ್ನು ನೋಡಿ ಔಷಧ ಬರೆಯಲಿಲ್ಲ. ಅದರ ಮನೆ ಹೇಗಿದೆ ಹೇಳಿ ಎಂದರು.

ಈ ಒಂದು ಪ್ರಶ್ನೆಯಲ್ಲಿ ಇಡೀ ಶಾಸ್ತ್ರ ಅಡಗಿದೆ. ಹುತ್ತ ಹಾವಿಗೆ ಏನನ್ನು ಕೊಡುತ್ತದೆ? ಹದವಾದ ಶಾಖ, ತೇವ, ಕತ್ತಲೆ, ಮೈಗೆ ಒತ್ತುವ ಇಕ್ಕಟ್ಟು. ಇವುಗಳಲ್ಲಿ ಒಂದನ್ನಾದರೂ ನಮ್ಮ ಗಾಜಿನ ಅರಮನೆ ಕೊಟ್ಟಿರಲಿಲ್ಲ.

ಮೊದಲು ಶಾಖದ ಮಾತು. ಹಾವನ್ನು ಶೀತರಕ್ತದ ಪ್ರಾಣಿ ಎನ್ನುವುದು ರೂಢಿ. ಮಾತು ಅಷ್ಟು ಸರಿಯಲ್ಲ. ಅದರ ರಕ್ತ ತಣ್ಣಗಿರಬೇಕೆಂದಿಲ್ಲ; ನಮ್ಮಂತೆ ಒಳಗಿನಿಂದ ಶಾಖವನ್ನು ಹುಟ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುತ್ತದೆ, ಅಷ್ಟೆ. ಉಂಡದ್ದು ಅರಗಬೇಕಾದರೆ ಬೆಚ್ಚಗಿನ ಜಾಗಕ್ಕೆ ಹೋಗುತ್ತದೆ. ಮೈ ಕಾದಾಗ ತಣ್ಣಗಿನ ಜಾಗಕ್ಕೆ ಸರಿಯುತ್ತದೆ. ಆದ್ದರಿಂದ ಅದರ ಮನೆಗೆ ಒಂದೇ ಉಷ್ಣತೆ ಇದ್ದರೆ ಸಾಲದು, ಎರಡು ಕೊನೆಗಳಿರಬೇಕು. ಬೆಚ್ಚಗಿನ ಕೊನೆಯಲ್ಲಿ ಹಾವು ಮಲಗುವ ಜಾಗ ೩೨ ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ತಂಪಿನ ಕೊನೆ ೨೪ರಿಂದ ೨೭ ಡಿಗ್ರಿಯ ನಡುವೆ ಇರುವುದು ಒಳ್ಳೆಯದು. ನಡುವೆ ಇಳಿಜಾರಿನಂತೆ ಶಾಖ ಕಡಮೆಯಾಗುತ್ತ ಹೋಗಬೇಕು. ಎಲ್ಲಿ ಮಲಗಬೇಕೆಂಬುದನ್ನು ಹಾವು ತೀರ್ಮಾನಿಸಲಿ. ಶಾಖ ಕೊಡುವ ದೀಪವಾಗಲಿ ಫಲಕವಾಗಲಿ ಥರ್ಮೋಸ್ಟ್ಯಾಟಿನ ಅಂಕೆಯಲ್ಲಿಯೇ ಇರತಕ್ಕದ್ದು. ದೀಪಕ್ಕೆ ಪಂಜರದ ರಕ್ಷೆ ಇರಬೇಕು. ಅಂಕೆಯಿಲ್ಲದ ಬಿಸಿಯ ಮೇಲೆ ಹಾವು ಮೈ ಸುಡುವವರೆಗೂ ಮಲಗಿಬಿಡುವುದುಂಟು.

ಎರಡನೆಯದು ತೇವ. ಈ ಹಾವಿಗೆ ಗಾಳಿಯ ಆರ್ದ್ರತೆ ಶೇಕಡ ೬೦ರ ಆಸುಪಾಸಿನಲ್ಲಿರಬೇಕು. ಪೊರೆ ಬಿಡುವ ಕಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಚಳಿನಾಡಿನ ಮನೆಗಳಲ್ಲಿ ಕುಲುಮೆ ಉರಿದಾಗ ಗಾಳಿ ಒಣಗಿ ನಮ್ಮ ತುಟಿಯೇ ಒಡೆಯುತ್ತದೆ. ಬಲೆಯ ಮುಚ್ಚಳದ ಪೆಟ್ಟಿಗೆಯಿಂದ ಇದ್ದಬದ್ದ ತೇವವೂ ಮೇಲಕ್ಕೆ ಹಾರಿಹೋಗುತ್ತದೆ. ಪೊರೆ ಚೂರಾದದ್ದು ಇದರಿಂದಲೇ. ಹಾಗೆಂದು ಮನೆಯನ್ನು ಕೆಸರು ಮಾಡಬಾರದು; ನೆಲ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಗಾಳಿಯಾಡದಿದ್ದರೆ ಶ್ವಾಸಕೋಶ ಕೆಡುತ್ತದೆ. ತೇವವನ್ನು ಹಿಡಿದಿಟ್ಟು ಮೆಲ್ಲನೆ ಬಿಟ್ಟುಕೊಡುವ ಹಾಸು ಬೇಕು. ಅದಕ್ಕೆ ಅಲ್ಲಿನವರು ಕೊಂಡುತಂದದ್ದು ಏನು ಗೊತ್ತೇ? ನಮ್ಮ ತೆಂಗಿನ ನಾರಿನ ಪುಡಿ! ಇಟ್ಟಿಗೆಯಂತೆ ಒತ್ತಿ ಕಟ್ಟಿದ್ದ ಅದನ್ನು ನೀರಿನಲ್ಲಿ ನೆನೆಸಿದಾಗ ಬಂದ ವಾಸನೆಗೆ ನನಗೆ ನಮ್ಮ ಹಿತ್ತಿಲಿನ ನೆನಪಾಯಿತು. ದೇವದಾರಿನಂಥ ಕಟುವಾಸನೆಯ ಮರದ ಹೊಟ್ಟನ್ನು ಮಾತ್ರ ಹಾಸಬಾರದು. ಅದರ ಎಣ್ಣೆಯಂಶ ಹಾವಿಗೆ ಕೆಡುಕು.

ಮೂರನೆಯದೂ ನಾಲ್ಕನೆಯದೂ ಒಟ್ಟಿಗೇ ಬರುತ್ತವೆ: ಕತ್ತಲೆ ಮತ್ತು ಇಕ್ಕಟ್ಟು. ವಿಶಾಲವಾದ, ಬೆಳಕಿನ, ಎಲ್ಲ ಕಡೆಯೂ ತೆರೆದ ಮನೆ ನಮಗೆ ಚೆಂದ. ಹಾವಿಗೆ ಅದು ಬಯಲು. ಬಯಲೆಂದರೆ ಗರುಡನ ಕಣ್ಣು. ಆದ್ದರಿಂದ ಎರಡು ಗುಹೆಗಳನ್ನು ಇಡಬೇಕು. ಒಂದು ಬೆಚ್ಚಗಿನ ಕೊನೆಯಲ್ಲಿ, ಇನ್ನೊಂದು ತಂಪಿನ ಕೊನೆಯಲ್ಲಿ. ಒಂದೇ ಇಟ್ಟರೆ ಹಾವು ಶಾಖವನ್ನೋ ಭದ್ರತೆಯನ್ನೋ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಗುಹೆ ಸುತ್ತಿಕೊಂಡ ಹಾವಿನ ಮೈಗೆ ಸುತ್ತಲೂ ತಾಗುವಷ್ಟು ಚಿಕ್ಕದಿರಲಿ, ಬಾಗಿಲು ಒಂದೇ ಇರಲಿ. ಪೆಟ್ಟಿಗೆಯ ಮೂರು ಬದಿ ಮರೆಯಾಗಿದ್ದು ಮುಂದೆ ಮಾತ್ರ ಗಾಜಿರಲಿ. ಬಾಗಿಲು ಕೂಡ ಮುಂದಿನಿಂದ ತೆರೆಯುವುದು ಮೇಲು. ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಹದ್ದಿನ ಪಂಜ. ಬೀಗ ಭದ್ರವಾಗಿರಬೇಕೆಂದು ಬೇರೆ ಹೇಳಬೇಕಿಲ್ಲ. ಸಂದಿ ಸಿಕ್ಕರೆ ನುಸುಳುವುದು ಹಾವಿನ ಹುಟ್ಟುಗುಣ.

ಇಲ್ಲಿ ನಾನೊಂದು ತಪ್ಪು ತರ್ಕಕ್ಕೆ ಬಿದ್ದೆ. ಇಕ್ಕಟ್ಟೇ ಇದಕ್ಕೆ ಹಿತವಾದರೆ ಒಂದು ಸಣ್ಣ ಡಬ್ಬಿ ಸಾಲದೇ ಎಂದು ಕೇಳಿದೆ. ಹಾಗೆ ನಂಬಿದವರು ಅಲ್ಲಿ ಬಹಳ ಮಂದಿ. ಮರಿಮಾಡಿಸಿ ಮಾರುವವರು ಪ್ಲಾಸ್ಟಿಕ್ಕಿನ ಅರೆಗಳನ್ನು ಬೀರುವಿನಂತೆ ಒಂದರ ಮೇಲೊಂದು ಜೋಡಿಸಿ, ಅರೆಗೊಂದು ಹಾವನ್ನು ಇಡುತ್ತಾರೆ. ಶಾಖ ಸರಿ, ತೇವ ಸರಿ, ಕತ್ತಲೆ ಸರಿ. ಹಾವು ಉಣ್ಣುತ್ತದೆ, ಮೊಟ್ಟೆ ಇಡುತ್ತದೆ. ಇನ್ನೇನು ಬೇಕು ಎಂಬುದು ಅವರ ವಾದ. ಆದರೆ ಹುತ್ತ ಹಾವಿನ ಮಲಗುವ ಕೋಣೆ, ಅದರ ಊರಲ್ಲ. ಇರುಳಾದರೆ ಅದು ಹೊರಬೀಳುತ್ತದೆ. ಅಲೆಯುತ್ತದೆ, ಏರುತ್ತದೆ, ಬೇಟೆಯಾಡುತ್ತದೆ. ಆಗ್ನೇಯ ನೈಜೀರಿಯದ ಕಾಡುಗಳಲ್ಲಿ ನಡೆಸಿ ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಂಡುಹಾವುಗಳು ಮರವೇರಿ ಹಕ್ಕಿಗಳನ್ನು ಹಿಡಿಯುವುದು ಹೆಚ್ಚೆಂದು ಕಂಡುಬಂತು. ೨೦೨೧ರಲ್ಲಿ ಜರ್ಮನಿಯ ಸಂಶೋಧಕರು ಚೆಂಡು ಹೆಬ್ಬಾವುಗಳನ್ನು ಅರೆಯ ವ್ಯವಸ್ಥೆಯಲ್ಲಿಯೂ ಕೊಂಬೆ ಗುಹೆಗಳುಳ್ಳ ದೊಡ್ಡ ಮನೆಯಲ್ಲಿಯೂ ಇಟ್ಟು ಹೋಲಿಸಿದರು. ದೊಡ್ಡ ಮನೆಯಲ್ಲಿ ಏರುವ, ಬಿಸಿಲು ಕಾಯಿಸುವ ಸಹಜ ವರ್ತನೆಗಳು ಕಂಡವು. ಅರೆಯಲ್ಲಿ ಅವಕ್ಕೆ ಅವಕಾಶವಿರಲಿಲ್ಲ, ಬದಲಿಗೆ ಗುರಿಯಿಲ್ಲದೆ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಲಕ್ಷಣ ಹೆಚ್ಚಾಗಿತ್ತು. ಬದುಕಿರುವುದು ಬೇರೆ, ಬಾಳುವುದು ಬೇರೆ ಎಂಬ ನಮ್ಮ ಹಿರಿಯರ ವಿವೇಕ ಹಾವಿಗೂ ಸಲ್ಲುತ್ತದೆ.

ಹಾಗಾದರೆ ಎಷ್ಟು ದೊಡ್ಡ ಮನೆ? ಕನಿಷ್ಠಪಕ್ಷ ಹಾವು ಮೈಯನ್ನು ಪೂರ್ತಿ ನೀಟಿಕೊಳ್ಳುವಷ್ಟು ಉದ್ದವಿರಬೇಕು. ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂಬ ಅಳತೆಯನ್ನು ಈಗ ಹಲವರು ಒಪ್ಪುತ್ತಾರೆ. ಉದ್ದನೆಯ ಹೆಣ್ಣಿಗೆ ಅದಕ್ಕಿಂತ ದೊಡ್ಡದು ಬೇಕು. ದೊಡ್ಡ ಮನೆ ಹಾವನ್ನು ಹೆದರಿಸುತ್ತದೆ ಎಂಬ ಮಾತೂ ಇದೆ. ಹೆದರಿಸುವುದು ದೊಡ್ಡತನವಲ್ಲ, ಬರಿದುತನ. ಗುಹೆ, ಕೊಂಬೆ, ತರಗೆಲೆ, ಬಳ್ಳಿಗಳಿಂದ ಮರೆ ತುಂಬಿದರೆ ದೊಡ್ಡ ಮನೆಯೂ ಹಾವಿಗೆ ಹಿತವೇ. ಗಾಜಿಗಿಂತ ತೇವಕ್ಕೆ ಊದದ ಪಿವಿಸಿ ಹಲಗೆ, ಇಲ್ಲವೆ ಸಂದುಗಳನ್ನು ಭದ್ರಪಡಿಸಿದ ಮರ, ಶಾಖವನ್ನೂ ತೇವವನ್ನೂ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಮನೆಗೆ ಒಂದೇ ಹಾವು. ಜೊತೆ ಬೇಕೆಂಬುದು ನಮ್ಮ ಕಲ್ಪನೆ.

ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಎಷ್ಟು ಕಾಲಕ್ಕೆ ಈ ಮನೆ? ಈ ಹಾವು ಸಾಕಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ೧೯೬೧ರಲ್ಲಿ ಸೇಂಟ್ ಲೂಯಿಸ್ ಮೃಗಾಲಯಕ್ಕೆ ಬಂದ ಒಂದು ಹೆಣ್ಣು ೨೦೨೦ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆ ಇಟ್ಟು ಲೋಕವನ್ನೇ ಬೆರಗುಗೊಳಿಸಿತು. ನಾನು ಮೊಮ್ಮಗನೊಡನೆ ಲೆಕ್ಕ ಹಾಕಿದೆ. ಅವನು ಕಾಲೇಜಿಗೆ ಹೋಗುವಾಗ ಹಾವಿಗೆ ಆರು ವರ್ಷ; ಅವನಿಗೆ ನಲವತ್ತಾದಾಗಲೂ ಅದು ಇರಬಹುದು. ನಾನಿರುವುದಿಲ್ಲ. ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ನಾನು ಎಲ್ಲಿಗೆ ಹೋದರೂ ನಾಲ್ಕಡಿ ಜಾಗ ಇದಕ್ಕೆ ಇಡಬೇಕು, ತಾತ" ಎಂದ. ಇದನ್ನು ಯೋಚಿಸದೆ ಕೊಂಡು, ಬೇಸರವಾದಾಗ ಕಾಡಿಗೆ ಬಿಟ್ಟವರಿಂದಾದ ಅನಾಹುತಕ್ಕೆ ಫ್ಲಾರಿಡಾದ ಜೌಗುನಾಡಿನಲ್ಲಿ ತುಂಬಿಕೊಂಡಿರುವ ಬರ್ಮಾ ಹೆಬ್ಬಾವುಗಳೇ ಸಾಕ್ಷಿ.

ಇದನ್ನು ಕೇಳಿ ನಮ್ಮಲ್ಲಿ ಯಾರಾದರೂ ಆಸೆಪಟ್ಟರೆ ಒಂದು ಎಚ್ಚರಿಕೆ. ನಮ್ಮ ನಾಡಿನ ಹೆಬ್ಬಾವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಸಾಕುವುದು ಅಪರಾಧ. ಚೆಂಡು ಹೆಬ್ಬಾವಿನಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು, ೨೦೨೨ರ ತಿದ್ದುಪಡಿ ಮತ್ತು ೨೦೨೪ರ ನಿಯಮಗಳಂತೆ, ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಕಳ್ಳದಾರಿಯಲ್ಲಿ ಪೆಟ್ಟಿಗೆಯೊಳಗೆ ತುಂಬಿ ತಂದ ಹಾವನ್ನು ಕೊಳ್ಳುವುದು ಅದರ ಸಂಕಟಕ್ಕೆ ಬೆಲೆ ಕೊಟ್ಟಂತೆ.

ಜನವರಿಯಲ್ಲಿ ಹೊಸ ಮನೆ ಸಿದ್ಧವಾಯಿತು. ಅದನ್ನು ನಡುಮನೆಯಿಂದ ಹುಡುಗನ ಕೋಣೆಯ ಸದ್ದಿಲ್ಲದ ಮೂಲೆಗೆ ಒಯ್ದೆವು. ಹಾವು ಒಳಹೊಕ್ಕು ಗುಹೆ ಸೇರಿದ್ದು ಹಗಲಿನಲ್ಲಿ ಮತ್ತೆ ಕಾಣಲಿಲ್ಲ. ಫೆಬ್ರವರಿಯಲ್ಲಿ ಪೊರೆ ತಲೆಯಿಂದ ಬಾಲದವರೆಗೆ ಒಂದೇ ಎಳೆಯಾಗಿ ಕಳಚಿತು. ಕಣ್ಣಿನ ಹಳೆಯ ಪೊರೆಯೂ ಅದರೊಡನೆ ಬಂತು. ಮಾರ್ಚಿಯಲ್ಲಿ ಉಂಡಿತು. ಮನೆಗೆ ಬಂದ ನೆಂಟರು ಮಾತ್ರ, ಇಷ್ಟು ಖರ್ಚು ಮಾಡಿ ಹಾವೇ ಕಾಣುವುದಿಲ್ಲವಲ್ಲ ಎಂದು ಗೊಣಗಿದರು.

ನಾನು ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದೆ ಆ ಕೋಣೆಗೆ ಹೋದೆ. ಹುಡುಗ ಮಲಗಿದ್ದ. ಹಾವು ಗುಹೆಯಿಂದ ಹೊರಬಂದು, ಮೈಯನ್ನು ಉದ್ದಕ್ಕೂ ನೀಟಿ, ಕೊಂಬೆಯ ಮೇಲೆ ನಿಧಾನವಾಗಿ ಏರುತ್ತಿತ್ತು. ನನ್ನನ್ನು ಕಂಡು ತಲೆ ಎತ್ತಿತು. ನಾಲಗೆಯನ್ನು ಒಮ್ಮೆ ಚಾಚಿ ಎಳೆದುಕೊಂಡು ಮತ್ತೆ ಏರತೊಡಗಿತು. ಚೆಂಡಾಗಲಿಲ್ಲ.