ಒಂದೇ ಒಲೆ, ಹಲವು ನಾಲಗೆ: ನೆಂಟರ ರಾತ್ರಿಯೂಟಕ್ಕೊಂದು ಯೋಜನೆ

ಪುಷ್ಯದಲ್ಲಿ ಸುತ್ತೂರು ಜಾತ್ರೆ, ಫಾಲ್ಗುಣದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ. ಹದಿನಾರು ಸುತ್ತಮುತ್ತಲಿನ ಗ್ರಾಮಗಳಲ್ಲಿ ಇವು ಮನೆತುಂಬ ನೆಂಟರಿರುವ ದಿನಗಳು. ತೇರು ನೋಡಿ ಬಂದ ಹದಿನೈದಿಪ್ಪತ್ತು ಮಂದಿ ರಾತ್ರಿ ಒಂದೇ ಪಂಕ್ತಿಯಲ್ಲಿ ಕುಳಿತಾಗ ಅಡುಗೆ ಮಾಡಿದವರ ಕಷ್ಟ ಆರಂಭವಾಗುತ್ತದೆ. ಬೆಂಗಳೂರಿನಿಂದ ಬಂದ ಮೊಮ್ಮಗುವಿಗೆ ಮೊಸರನ್ನದ ಹೊರತು ಬೇರೇನೂ ಬೇಡ, ಅಜ್ಜನಿಗೆ ಮಧುಮೇಹ, ಅಜ್ಜಿಗೆ ರಕ್ತದೊತ್ತಡ, ಮೇಲಾಗಿ ಅಗಿಯಲು ಹಲ್ಲಿಲ್ಲ, ಸೋದರಮಾವನಿಗೆ ಸೊಪ್ಪೆಂದರೆ ಆಗದು. ಒಬ್ಬೊಬ್ಬರಿಗೂ ಬೇರೆ ಬೇರೆ ಅಡುಗೆ ಮಾಡುವುದು ಅಸಾಧ್ಯ. ಎಲ್ಲರಿಗೂ ಒಪ್ಪಲೆಂದು ಪೂರಿ, ಬೋಂಡ, ಸಿಹಿ ಮಾಡಿ ಬಡಿಸುವುದು ಸುಲಭ. ಆದರೆ ಆರೋಗ್ಯಕ್ಕೆ ಅದು ಹಿತವಲ್ಲ.

ಮಕ್ಕಳ ವಿಷಯವನ್ನು ಮೊದಲು ತಿಳಿಯೋಣ. ಎರಡರಿಂದ ಆರು ವರ್ಷದ ಮಗು ಹೊಸ ಆಹಾರವನ್ನು ಕಂಡು ಮುಖ ತಿರುಗಿಸುವುದು ಹಠವೆಂದು ನಾವು ಬಗೆಯುತ್ತೇವೆ. ವಾಸ್ತವವಾಗಿ ಅದು ಬೆಳವಣಿಗೆಯ ಒಂದು ಘಟ್ಟ. ತಾಯಿಯ ಹಾಲೇ ಸಿಹಿಯಾದ್ದರಿಂದ ಸಿಹಿಯ ಕಡೆಗೆ ಒಲವು ಹುಟ್ಟಿನಿಂದಲೇ ಇರುತ್ತದೆ. ಪ್ರಕೃತಿಯಲ್ಲಿ ಅನೇಕ ವಿಷಸಸ್ಯಗಳು ಕಹಿಯಾಗಿರುವುದರಿಂದ ಕಹಿಗೆ ಅಂಜಿಕೆಯೂ ಸಹಜ. ಆದುದರಿಂದ ಹಾಗಲಕಾಯಿಯನ್ನೂ ಮೆಂತ್ಯದ ಸೊಪ್ಪನ್ನೂ ಮಗು ಮೊದಲ ಸಲವೇ ಒಪ್ಪಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಒಂದೇ ಪದಾರ್ಥವನ್ನು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಒತ್ತಾಯವಿಲ್ಲದೆ ಮುಂದಿಟ್ಟ ಮೇಲೆ ಅನೇಕ ಮಕ್ಕಳು ಅದನ್ನು ಒಪ್ಪುತ್ತಾರೆ. ಮೂರನೆಯ ಸಲಕ್ಕೇ "ನಮ್ಮ ಮಗು ಇದನ್ನು ತಿನ್ನುವುದಿಲ್ಲ" ಎಂದು ತೀರ್ಮಾನಿಸುವವರು ನಾವೇ.

ನಮ್ಮ ಸೀಮೆಯ ಉಪಚಾರದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. "ಇನ್ನೊಂದು ತುತ್ತು, ನನ್ನಾಣೆ" ಎಂದು ಬಡಿಸುವುದು ಪ್ರೀತಿಯ ಲಕ್ಷಣವೇ. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮವೂ ನಮ್ಮಲ್ಲಿ ಬಲವಾಗಿದೆ, ಇರಬೇಕಾದುದೂ ಸರಿ. ಆದರೆ ಆ ನಿಯಮವನ್ನು ಪಾಲಿಸಬೇಕಾದುದು ಬಡಿಸುವ ಕೈ, ಮಗುವಿನ ಗಂಟಲಲ್ಲ. ದೊಡ್ಡ ಸೌಟಿನಿಂದ ತಟ್ಟೆ ತುಂಬಿಸಿ, ಅನಂತರ ಗದರಿಸಿ ಖಾಲಿ ಮಾಡಿಸಿದರೆ, ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಗ್ರಹಿಸುವ ಶಕ್ತಿಯೇ ಮಗುವಿನಲ್ಲಿ ಮಂಕಾಗುತ್ತದೆ. ಒಂದು ಚಮಚ ಪಲ್ಯ, ನಿಂಬೆಹಣ್ಣಿನ ಗಾತ್ರದ ಮುದ್ದೆ ಹಾಕಿ. ಕೇಳಿದರೆ ಮತ್ತೆ ಹಾಕಿ. ಯಾವ ಅಡುಗೆ, ಎಷ್ಟು ಹೊತ್ತಿಗೆ ಎಂಬುದನ್ನು ಹಿರಿಯರು ನಿರ್ಧರಿಸಲಿ. ಎಷ್ಟು ತಿನ್ನಬೇಕೆಂಬುದನ್ನು ಮಗು ನಿರ್ಧರಿಸಲಿ. ಪಂಕ್ತಿಯ ಮಧ್ಯೆ "ಇವನು ಏನೂ ತಿನ್ನೋದೇ ಇಲ್ಲ" ಎಂದು ನೆಂಟರೆದುರು ದೂರುವುದಂತೂ ಬೇಡ.

ಇನ್ನು ಅಡುಗೆ. ಹಲವು ರುಚಿಯವರನ್ನು ಒಂದೇ ಪಾತ್ರೆಯಿಂದ ತೃಪ್ತಿಪಡಿಸಬಲ್ಲ ಪದಾರ್ಥ ನಮ್ಮ ಮೈಸೂರು ಸೀಮೆಯಲ್ಲೇ ಇದೆ: ಉಪ್ಪುಸಾರು. ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿದ ತಿಳಿಗೆ ಸ್ವಲ್ಪ ಉಪ್ಪು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರ ಪ್ರತ್ಯೇಕ. ಖಾರ ಬೇಕಾದವರು ಬೇಕಾದಷ್ಟು ಕಲಸಿಕೊಳ್ಳುತ್ತಾರೆ, ಮಗುವಿಗೆ ಬರಿಯ ತಿಳಿ ಸಾಕು. ಸೊಪ್ಪನ್ನು ಮುಟ್ಟದವರಿಗೂ ಬೇಯುವಾಗ ನೀರಿಗಿಳಿದ ಸತ್ತ್ವದಲ್ಲಿ ಒಂದಂಶ ಸಿಗುತ್ತದೆ. ಬಸ್ಸಾರಿನ ಜಾಣ್ಮೆಯೂ ಇದೇ. ಬಸಿದ ಕಾಳುಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಹಲ್ಲಿಲ್ಲದ ಅಜ್ಜಿಗೆ ಅದನ್ನೇ ಮಸೆದು ಮಸ್ಸೊಪ್ಪು ಮಾಡಿ ಬಡಿಸಬಹುದು. ಜಾತ್ರೆ ಅವರೆಕಾಯಿಯ ಕಾಲಕ್ಕೆ ಬಂದರೆ ಹಿತಕಿದ ಬೇಳೆಯ ಸಾರು ಇನ್ನೂ ಸುಲಭ. ಸಿಪ್ಪೆ ಹೋದ ಮೃದುವಾದ ಬೇಳೆಯನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಹಿತಕುವ ಕೆಲಸಕ್ಕೆ ಮಧ್ಯಾಹ್ನವೇ ಮಕ್ಕಳನ್ನು ಕೂರಿಸಿ. ತಾವು ಹಿತಕಿದ ಕಾಳನ್ನು ಬೇಡವೆನ್ನುವ ಮಕ್ಕಳು ಕಡಿಮೆ.

ಕಬಿನಿ ನಾಲೆಯ ನೀರು ಹರಿದ ಮೇಲೆ ನಮ್ಮಲ್ಲಿ ಅನ್ನದ ಪಾಲು ಹೆಚ್ಚಿ ರಾಗಿಯ ಪಾಲು ಕುಗ್ಗಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಮುದ್ದೆಯನ್ನು ನುಂಗಲೊಲ್ಲದ ನಗರದ ಮಕ್ಕಳಿಗೆ ರಾಗಿ ಒತ್ತುಶ್ಯಾವಿಗೆ ಅಥವಾ ತೆಳುವಾದ ರಾಗಿರೊಟ್ಟಿ ಹಿಡಿಸೀತು. ಆದರೆ ರಾಗಿ ತಿಂದರೆ ರಕ್ತದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ತಪ್ಪು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ, ಅದರ ಮೇಲೆ ಅನ್ನ, ಕೊನೆಗೆ ಪಾಯಸ ಎಂದರೆ ಮಧುಮೇಹಿಗೆ ಮೂರು ಪಟ್ಟು ಪಿಷ್ಟ. ಸಣ್ಣ ಮುದ್ದೆ ಅಥವಾ ಸ್ವಲ್ಪ ಅನ್ನ, ಎರಡರಲ್ಲೊಂದು. ತಟ್ಟೆಯ ಅರ್ಧಭಾಗ ಪಲ್ಯ, ಕೋಸಂಬರಿ, ಕಾಳು.

ಹೊತ್ತಿನ ವಿಷಯವನ್ನು ಹಗುರವಾಗಿ ಕಾಣಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡ ಹಿರಿಯರು "ಎಲ್ಲರೂ ಬರಲಿ" ಎಂದು ಹತ್ತು ಗಂಟೆಯವರೆಗೆ ಕಾದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ಮಂಕುತನ ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅವರಿಗೆ ಮೊದಲೇ ಬಡಿಸುವುದು ಪಂಕ್ತಿಭೇದವಲ್ಲ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಎಲ್ಲರ ಎಲೆಗೂ ತಾನಾಗಿ ಬಡಿಸದೆ ಕೇಳಿದವರಿಗೆ ಮಾತ್ರ ಕೊಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಿಕ್ಕ ಚಮಚದಷ್ಟು. ಕೋಸಂಬರಿಗೆ ನಿಂಬೆರಸ ಧಾರಾಳವಾಗಿರಲಿ, ಸೊಪ್ಪುಕಾಳುಗಳ ಕಬ್ಬಿಣಾಂಶ ಅದರಿಂದ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆ ಲಾಭ ಕುಗ್ಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 67 ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ವಿಷಯವೆನ್ನಲಾಗದು. ಸಿಹಿಯ ಸ್ಥಾನದಲ್ಲಿ ನಂಜನಗೂಡಿನ ರಸಬಾಳೆ ದೊರೆತರೆ ಅದಕ್ಕಿಂತ ಭಾಗ್ಯವಿಲ್ಲ. ರೋಗಕ್ಕೆ ತುತ್ತಾಗಿ ಆ ತೋಟಗಳು ವಿರಳವಾಗಿರುವುದರಿಂದ ಸೀಬೆಯಾದರೂ ಸರಿ, ಪರಂಗಿಯಾದರೂ ಸರಿ.

ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡಿಯ ಕಡಲೆಕಾಯಿ ಬೀಜ, ಹುರಿಗಾಳು ಕೊಡಬೇಡಿ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಇನ್ನು, ಎಲ್ಲ ಬೇಡಗಳೂ ಬರಿಯ ರುಚಿಯ ಮಾತಲ್ಲ. ಮಗುವಿನ ತೂಕ ಏರದಿದ್ದರೆ, ಗಟ್ಟಿ ಆಹಾರ ನುಂಗುವಾಗ ಪದೇ ಪದೇ ಕೆಮ್ಮಿದರೆ, ಮಣ್ಣು, ಬಳಪ, ಸುಣ್ಣ ತಿನ್ನುತ್ತಿದ್ದರೆ, ನಾಲ್ಕೈದು ಪದಾರ್ಥಗಳ ಹೊರತು ಮತ್ತಾವುದನ್ನೂ ತಿಂಗಳುಗಟ್ಟಲೆ ಮುಟ್ಟದಿದ್ದರೆ, ಜಾತ್ರೆ ಮುಗಿದ ಮರುದಿನವೇ ಮಕ್ಕಳ ವೈದ್ಯರಿಗೆ ತೋರಿಸಿ.