ಸಿಡ್ ಶ್ರೀರಾಮ್ ಇನ್ನು ಯಾವ ಕಡೆಗೆ? ಕೋಲಾರದಲ್ಲಿ ಬಿಸಿಬಿಸಿ ವಾದ

ಟೊಮೇಟೊ ದರ ಏರಿದ ದಿನ ಕೋಲಾರದಲ್ಲಿ ಅದೇ ಮಾತು. ಇಳಿದ ದಿನವೂ ಅದೇ ಮಾತು. ದರ ಏರದೆ ಇಳಿಯದೆ ನಿಂತಲ್ಲೇ ನಿಂತಾಗ ಮಾತ್ರ ಜನಕ್ಕೆ ಬೇರೆ ವಿಷಯಕ್ಕೆ ಪುರುಸೊತ್ತು. ಆಗ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿ ಮುಂದೆ, ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟ್ ಹೊರಟ ಹುಡುಗರ ನಡುವೆ ಏಳುವ ಪ್ರಶ್ನೆಗಳಲ್ಲಿ ಒಂದು ಇದು: "ಸಿಡ್ ಶ್ರೀರಾಮ್ ಮುಂದೆ ಏನ್ಮಾಡ್ತಾನೆ?"

ಹೆಸರು ಗೊತ್ತಿಲ್ಲದವರೂ ದನಿ ಕೇಳಿರ್ತಾರೆ. 2021ರ 'ಪುಷ್ಪ' ಚಿತ್ರದ 'ಶ್ರೀವಲ್ಲಿ' ಹಾಡು ಇದೆಯಲ್ಲ, ಅದನ್ನು ತೆಲುಗು, ತಮಿಳು, ಕನ್ನಡ, ಮಲಯಾಳಂ ನಾಲ್ಕರಲ್ಲೂ ಹಾಡಿದ್ದು ಇದೇ ಪುಣ್ಯಾತ್ಮ. 2022ರಲ್ಲಿ 'ಲವ್ 360' ಚಿತ್ರಕ್ಕೆ ಅರ್ಜುನ್ ಜನ್ಯ ಸಂಗೀತದಲ್ಲಿ 'ಜಗವೇ ನೀನು ಗೆಳತಿಯೇ' ಹಾಡಿದ ಮೇಲಂತೂ ಕೇಳೋದೇ ಬೇಡ. ಚಿತ್ರ ನೋಡದವರೂ ಹಾಡು ಗುನುಗಿದರು. ಆಟೋದಲ್ಲಿ ಅದೇ, ಮದುವೆ ವಿಡಿಯೋದಲ್ಲಿ ಅದೇ, ಫೋನಿನ ರಿಂಗ್ ಟೋನಿನಲ್ಲೂ ಅದೇ.

ಈ ಚರ್ಚೆ ಬೇರೆ ಊರಲ್ಲೂ ಇದ್ದೀತು. ಆದರೆ ಕೋಲಾರ ಜಿಲ್ಲೆಯ ಕಿವಿಯೇ ಬೇರೆ. ಕೆ.ಜಿ.ಎಫ್. ಕಡೆ ತಮಿಳು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಎಲ್ಲದರ ಮೇಲೆ ಕನ್ನಡ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಆಫೀಸಿನಲ್ಲಿ ಒಂದು ಭಾಷೆ ಆಡುವ ಜನಕ್ಕೆ, ಒಂದೇ ಹಾಡನ್ನು ನಾಲ್ಕು ಭಾಷೆಯಲ್ಲಿ ಹಾಡುವ ಗಾಯಕ ನಮ್ಮ ಬೀದಿಯವನೇ ಅನ್ನಿಸಿದರೆ ತಪ್ಪೇನು? ಆತ ಬೆಳೆದದ್ದು ಅಮೆರಿಕದಲ್ಲಿ ಅನ್ನೋದು ಬೇರೆ ಮಾತು.

ಬರೀ ಸಿನಿಮಾ ಗಾಯಕನಾಗಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ಹಿಟ್ ಇರೋವರೆಗೆ ಹಾಡ್ತಾನೆ, ಆಮೇಲೆ ಟಿ.ವಿ. ಸ್ಪರ್ಧೆಯಲ್ಲಿ ಜಡ್ಜ್ ಕುರ್ಚಿಯಲ್ಲಿ ಕೂರ್ತಾನೆ, ಮುಗೀತು. ಸಿದ್ಧಾರ್ಥ್, ಮೊಟಕಾಗಿ ಸಿಡ್, ಹುಟ್ಟಿದ್ದು 1990ರಲ್ಲಿ ಚೆನ್ನೈನಲ್ಲಿ. ಎಳೆ ಮಗುವಾಗಿದ್ದಾಗಲೇ ಮನೆಯವರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿಗೆ ಹೋದರು. ತಾಯಿ ಲತಾ ಶ್ರೀರಾಮ್ ಕರ್ನಾಟಕ ಸಂಗೀತದ ಪಾಠ ಹೇಳುವವರು. ಹುಡುಗನಿಗೆ ಮನೆಯೊಳಗೆ ತ್ಯಾಗರಾಜರು, ಬಾಗಿಲು ದಾಟಿದರೆ ಅಮೆರಿಕದ ಕರಿಯರ ಆರ್ ಅಂಡ್ ಬಿ ಹಾಡು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಧ್ವನಿಮುದ್ರಣದ ವಿದ್ಯೆ ಓದಿದ. ಎ.ಆರ್. ರೆಹಮಾನ್ ಕರೆದು 'ಕಡಲ್' ಚಿತ್ರದಲ್ಲಿ 'ಅಡಿಯೇ' ಹಾಡಿಸಿದರು. ಅದು 2013ರ ಚಿತ್ರ. ಅಲ್ಲಿಂದ ಶಂಕರ್ ಅವರ 'ಐ', ಆಮೇಲೆ ತೆಲುಗಿನ 'ಗೀತ ಗೋವಿಂದಂ', ಹೀಗೆ ಹಿಟ್ ಮೇಲೆ ಹಿಟ್.

ಇಷ್ಟೆಲ್ಲ ಆದರೂ ಡಿಸೆಂಬರ್ ಬಂತೆಂದರೆ ಚೆನ್ನೈನ ಸಂಗೀತೋತ್ಸವದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲು, ಮೃದಂಗ ಪಕ್ಕದಲ್ಲಿಟ್ಟುಕೊಂಡು ಪೂರಾ ಕಛೇರಿ ಹಾಡುತ್ತಾ ಬಂದ. ಅದೇ ಮನುಷ್ಯ 2023ರಲ್ಲಿ 'ಸಿದ್ಧಾರ್ಥ್' ಅಂತ ಇಂಗ್ಲಿಷ್ ಆಲ್ಬಂ ತಂದ. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ನಡೆಯುವ ಕೋಚೆಲ್ಲಾ ಎಂಬ ಭಾರೀ ಸಂಗೀತ ಜಾತ್ರೆಯಲ್ಲಿ ಹಾಡಿದ. ಅಲ್ಲಿಗೆ ಶುರುವಾಯ್ತು ನೋಡಿ, ಅಂತೆಕಂತೆಗಳ ಸಂತೆ.

"ಇನ್ನು ಆ ಯಪ್ಪ ಇತ್ತ ಕಡೆ ತಲೆ ಹಾಕಲ್ಲ" ಅನ್ನೋದು ಒಂದು ಪಂಗಡ. ಇವರಿಗೆ ಕೋಚೆಲ್ಲಾ ಅಂದರೆ ಕ್ರಿಕೆಟ್ಟಿಗೆ ಲಾರ್ಡ್ಸ್ ಇದ್ದ ಹಾಗೆ. ಅಲ್ಲಿ ನಿಂತವನು ತಿರುಗಿ ಬಂದು ಹೀರೋ ಬಾಯಿಗೆ ಹಾಡು ತುಂಬುತ್ತಾನಾ ಅಂತ ಕೇಳ್ತಾರೆ. ಇನ್ನೊಂದು ಪಂಗಡ ವ್ಯಾಪಾರಸ್ಥರದು. ಇವರು ಸಂಗೀತಕ್ಕಿಂತ ಮೊದಲು ಗಲ್ಲಾಪೆಟ್ಟಿಗೆ ನೋಡುವವರು. "ದುಡ್ಡಿರೋದು ಸಿನಿಮಾ ಹಾಡಲ್ಲಿ, ಸ್ಟೇಜ್ ಷೋನಲ್ಲಿ. ಇಂಗ್ಲಿಷ್ ಆಲ್ಬಂ ಎಷ್ಟು ಜನ ಕೇಳ್ತಾರೆ ಸ್ವಾಮಿ?" ಅನ್ನೋದು ಇವರ ಲೆಕ್ಕ. ಲೆಕ್ಕ ತಪ್ಪು ಅನ್ನೋಕೂ ಆಗಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಕಿವಿಗೆ ವೈರ್ ಸಿಕ್ಕಿಸಿಕೊಂಡ ಹತ್ತು ಜನರನ್ನು ಕೇಳಿ, 'ಶ್ರೀವಲ್ಲಿ' ಗೊತ್ತು ಅಂತಾರೆ, 'ಸಿದ್ಧಾರ್ಥ್' ಆಲ್ಬಂನ ಒಂದು ಹಾಡಿನ ಹೆಸರು ಹೇಳಿ ಅಂದರೆ ಕಿಟಕಿ ಕಡೆ ನೋಡ್ತಾರೆ. ಸಂಗೀತವನ್ನೇ ಕೊಡ್ತಾನೆ ಅನ್ನುವವರೂ ಇದ್ದಾರೆ. ಮಣಿರತ್ನಂ ಸಂಸ್ಥೆಯ 'ವಾನಂ ಕೊಟ್ಟಟ್ಟುಂ' ಚಿತ್ರದ ಹಾಡುಗಳಿಗೆ 2020ರಲ್ಲೇ ಆತ ಸಂಗೀತ ಕೊಟ್ಟಾಗಿದೆ.

ಮೂಲೆಯಲ್ಲಿ ಕೂತು ಕಾಫಿ ಕುಡಿಯುವ ಹಿರಿಯರದು ಮಾತ್ರ ಬೇರೆಯೇ ರಾಗ. "ಎಷ್ಟು ಸುತ್ತಿದರೂ ಕೊನೆಗೆ ತಂಬೂರಿ ಹತ್ತಿರವೇ ಬರಬೇಕು" ಅಂತ ಇವರು ಅಡ್ಡಗೋಡೆ ಮೇಲೆ ದೀಪ ಇಡುವುದಿಲ್ಲ, ಖಡಾಖಂಡಿತ ಹೇಳ್ತಾರೆ.

ಹಿರಿಯರ ಮಾತಿಗೆ ಆಧಾರವೂ ಇದೆ, ವಿರೋಧವೂ ಇದೆ. ಎಂ.ಎಸ್. ಸುಬ್ಬುಲಕ್ಷ್ಮಿ 1938ರ 'ಸೇವಾಸದನಂ'ನಿಂದ 'ಮೀರಾ'ವರೆಗೆ ಕೈಬೆರಳಲ್ಲಿ ಎಣಿಸುವಷ್ಟು ಚಿತ್ರಗಳಲ್ಲಿ ನಟಿಸಿದರು. 1945ರಲ್ಲಿ ತಮಿಳು 'ಮೀರಾ', 1947ರಲ್ಲಿ ಹಿಂದಿ 'ಮೀರಾ'. ಆಮೇಲೆ ಆ ಬಾಗಿಲು ಹಾಕಿದರು, ಹಾಕಿದ್ದೇ. ಉಳಿದ ಆಯುಷ್ಯವೆಲ್ಲ ಕಛೇರಿ. 1998ರಲ್ಲಿ ಭಾರತರತ್ನ ಬಂತು. ಎಂ. ಬಾಲಮುರಳಿಕೃಷ್ಣ ಹಾಗಲ್ಲ. ಕಛೇರಿಯಲ್ಲಿ ಪಂಡಿತರನ್ನು ಬೆರಗುಗೊಳಿಸುತ್ತಲೇ 1967ರ 'ಭಕ್ತ ಪ್ರಹ್ಲಾದ'ದಲ್ಲಿ ನಾರದನಾಗಿ ವೇಷ ಕಟ್ಟಿದರು. ನಮ್ಮ ಜಿ.ವಿ. ಅಯ್ಯರ್ 'ಹಂಸಗೀತೆ' ಮಾಡಿದಾಗ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ತಗೊಂಡರು. ಎರಡೂ ಬಾಗಿಲು ಕೊನೆತನಕ ತೆರೆದೇ ಇತ್ತು. ಗದಗಿನ ಭೀಮಸೇನ ಜೋಶಿ 1956ರ 'ಬಸಂತ್ ಬಹಾರ್'ನಲ್ಲಿ ಮನ್ನಾ ಡೇ ಜೊತೆ ಜುಗಲಬಂದಿ ಹಾಡಿದರು. ಕಥೆಯಲ್ಲಿ ಗೆಲ್ಲುವುದು ಮನ್ನಾ ಡೇ ದನಿ! ಭೀಮಸೇನರನ್ನು ಸೋಲಿಸಬೇಕಲ್ಲಾ ಅಂತ ಮನ್ನಾ ಡೇ ಅವರಿಗೇ ಮೈ ಬೆವರಿತ್ತಂತೆ. 'ಸಂಧ್ಯಾರಾಗ'ಕ್ಕೂ ಹಾಡಿದರು ಜೋಶಿ. ಹಾಡಿ ಎದ್ದು ತಮ್ಮ ಕಛೇರಿಗೆ ಹೋದರು. ಅವರಿಗೆ ಸಿನಿಮಾ ನೆಂಟರ ಮನೆ, ಒಂದು ಹೊತ್ತು ಊಟ ಮಾಡಿ ಬರೋ ಜಾಗ.

ಉಲ್ಟಾ ದಾರಿಯಲ್ಲಿ ಬಂದವರನ್ನೂ ಮರೆಯೋ ಹಾಗಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕ್ರಮಬದ್ಧವಾಗಿ ಶಾಸ್ತ್ರೀಯ ಸಂಗೀತ ಕಲಿತವರಲ್ಲ. 'ಶಂಕರಾಭರಣಂ'ನಲ್ಲಿ ವಿದ್ವಾಂಸನ ಪಾತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಯಲ್ಲಿ ಹಿಂದೂಸ್ತಾನಿ ಹಾಡಿ ಮತ್ತೊಂದು ಪಡೆದರು.

ಇವರೆಲ್ಲರಿಗೂ ಇದ್ದದ್ದು ಎರಡೇ ಬಾಗಿಲು. ಸಿಡ್ ಶ್ರೀರಾಮ್‌ಗೆ ಮೂರು. ಅಭಿಮಾನಿಗಳ ವಾದದಲ್ಲಿ ಸಿಕ್ಕು ಬಿದ್ದಿರೋದು ಇಲ್ಲೇ. ಅವರು ಮೂರನ್ನೂ ದುಡ್ಡು, ಹೆಸರು ಅನ್ನೋ ಎರಡೇ ತಕ್ಕಡಿಯಲ್ಲಿ ತೂಗ್ತಾರೆ. ಗಾಯಕನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಸಿನಿಮಾದಲ್ಲಿ ರಾಗ ಸಂಗೀತ ನಿರ್ದೇಶಕರದು, ಮಾತು ಕವಿಯದು, ತುಟಿ ಹೀರೋದು. ಗಾಯಕನದು ನಾಲ್ಕು ನಿಮಿಷದ ದನಿ ಅಷ್ಟೇ. ಅದನ್ನೂ ಸ್ಟುಡಿಯೋದಲ್ಲಿ ಸಾಲು ಸಾಲಾಗಿ ತಗೊಂಡು ಆಮೇಲೆ ಹೊಲೀತಾರೆ. ಕಛೇರಿಯಲ್ಲಿ ಕೃತಿ ತ್ಯಾಗರಾಜರದೋ ದೀಕ್ಷಿತರದೋ ಇರಬಹುದು, ಆದರೆ ಆಲಾಪನೆ, ನೆರವಲ್, ಸ್ವರಪ್ರಸ್ತಾರ ಆ ಕ್ಷಣಕ್ಕೆ ಗಾಯಕನ ತಲೆಯಿಂದಲೇ ಬರಬೇಕು. ತಪ್ಪಿದರೆ ಅಳಿಸೋ ರಬ್ಬರ್ ಇಲ್ಲ. ಎರಡೂವರೆ, ಮೂರು ಗಂಟೆ ಎದುರಿಗೇ ಜನ ಕೂತಿರ್ತಾರೆ. ಸ್ವಂತ ಆಲ್ಬಂನಲ್ಲಿ ಮಾತೂ ತನ್ನದೇ, ಧಾಟಿಯೂ ತನ್ನದೇ. ಕೇಳೋ ಜನ ಕಡಿಮೆ ಆದರೂ ಮನೆ ಸ್ವಂತದ್ದು. ಬಾಡಿಗೆ ಮಳಿಗೆಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿದ ಅಂಗಡಿಯವರಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಸಿನಿಮಾ ಬಿಟ್ಟರೆ ಮಿಕ್ಕೆರಡೂ ನಡೆಯುತ್ತಾ? ಕಛೇರಿಗೆ ಹೊಸ ಹುಡುಗರು ಬರ್ತಿರೋದೇ 'ಶ್ರೀವಲ್ಲಿ' ಹಾಡಿದವನನ್ನು ನೋಡೋಕೆ. ಬಂದವರಲ್ಲಿ ಅರ್ಧ ಜನ ತನಿ ಆವರ್ತನಕ್ಕೆ ಎದ್ದು ಹೋಗಬಹುದು. ಕೂತ ಅರ್ಧದಲ್ಲಿ ಒಬ್ಬನಿಗೆ ರುಚಿ ಹತ್ತಿದರೂ ಲಾಭವೇ. 2020ರಲ್ಲಿ ಬಂದ 'ಅಲ ವೈಕುಂಠಪುರಮುಲೋ' ಚಿತ್ರದ 'ಸಾಮಜವರಗಮನ' ಹಾಡಿದ್ದೂ ಈತನೇ. ಆ ಹೆಸರನ್ನು ಯೂಟ್ಯೂಬಿನಲ್ಲಿ ಹುಡುಕಿದರೆ ಸಿನಿಮಾ ಹಾಡಿನ ಹಿಂದೆಯೇ ಹಿಂದೋಳ ರಾಗದ ತ್ಯಾಗರಾಜರ ಕೃತಿಯೂ ಬಂದು ನಿಲ್ಲುತ್ತೆ. ಎರಡಕ್ಕೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ಆದರೂ ತಪ್ಪಿ ಕೃತಿಯ ಮೇಲೆ ಬೆರಳಿಟ್ಟವರು ಇಲ್ಲವೇ ಇಲ್ಲ ಅಂತ ಯಾರು ಹೇಳ್ತಾರೆ?

ಕಂಠದ ಮಾತೂ ಇದೆ. ಕರ್ನಾಟಕ ಸಂಗೀತದ ಗಮಕ ಬೇರೆ, ಅಮೆರಿಕದ ಹಾಡುಗಾರರು ಒಂದು ಅಕ್ಷರದ ಮೇಲೆ ಸರಸರ ಏರಿಳಿಯೋ ವರಸೆ ಬೇರೆ. ಈತ ಎರಡನ್ನೂ ಕಲಸಿ ಹಾಡೋದೇ ಈತನ ಗುರುತು. ಅದೇ ಕಾರಣಕ್ಕೆ ಬೈಯುವವರೂ ಇದ್ದಾರೆ. ಸಂಪ್ರದಾಯಸ್ಥರು ಗಮಕ ಕೆಡ್ತು ಅಂತಾರೆ, ಭಾಷಾಭಿಮಾನಿಗಳು ಉಚ್ಚಾರಣೆ ಕೆಡ್ತು ಅಂತಾರೆ. ಉಚ್ಚಾರಣೆಯ ದೂರಿನಲ್ಲಿ ಸತ್ಯಾಂಶ ಇಲ್ಲದೆ ಇಲ್ಲ. ಕನ್ನಡದ ಹಾಡಿಗೆ ಕನ್ನಡದ ಹುಡುಗರೇ ಸಿಗಲಿಲ್ವಾ ಅನ್ನೋ ಪ್ರಶ್ನೆಯೂ ಪದೇ ಪದೇ ಏಳುತ್ತೆ. ಅದಕ್ಕೆ ಉತ್ತರ ಕೊಡಬೇಕಾದವರು ಸಂಗೀತ ನಿರ್ದೇಶಕರು, ಹಾಡಿ ಹೋದವನಲ್ಲ.

ನಮ್ಮೂರಿಗೆ ಇದರಿಂದ ಏನಾಗಬೇಕು ಅಂದೀರಾ? ಆಗಬೇಕಾದ್ದು ಇದೆ. ಸಂಜೆ ಹೊತ್ತು ಪಾಠಕ್ಕೆ ಹೋಗೋ ಮಕ್ಕಳ ಮನೆಗಳಲ್ಲಿ ಈ ವಾದ ಬೇರೆ ರೂಪದಲ್ಲಿ ನಡೀತಿದೆ. ಮಗಳು ಜೂನಿಯರ್ ಪರೀಕ್ಷೆ ಮುಗಿಸಿರ್ತಾಳೆ, ಸೀನಿಯರ್ ಕಟ್ಟಬೇಕು ಅನ್ನೋ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂದಿರುತ್ತೆ. ಅಂಗಡಿ ಮುಚ್ಚಿ ಬಂದ ಅಪ್ಪ, "ಸಂಗೀತದಿಂದ ಹೊಟ್ಟೆ ತುಂಬುತ್ತೇನಮ್ಮಾ?" ಅಂತಾನೆ. "ಸಿಡ್ ಶ್ರೀರಾಮ್ ನೋಡಪ್ಪಾ" ಅಂತಾಳೆ ಮಗಳು. ಆತ ಸಿನಿಮಾದಲ್ಲೇ ಉಳಿದರೆ ಮಗಳ ವಾದ ಗೆಲ್ಲುತ್ತೆ. ಕಛೇರಿಗೇ ಪೂರಾ ಹೋದರೆ ಪಾಠ ಹೇಳೋ ಮೇಷ್ಟ್ರ ವಾದ ಗೆಲ್ಲುತ್ತೆ. ಅಮೆರಿಕದಲ್ಲೇ ನೆಲೆನಿಂತರೆ, "ನೋಡಿದ್ಯಾ, ಅಲ್ಲಿ ಮನೆ ಇದ್ದೋರಿಗೆ ಇದೆಲ್ಲ ನಡೆಯುತ್ತೆ" ಅಂತ ಅಪ್ಪ ಟಿ.ವಿ. ರಿಮೋಟ್ ಕೈಗೆತ್ತಿಕೊಳ್ತಾನೆ. ಎಲ್ಲೋ ಹಾಡೋನೊಬ್ಬನ ಮುಂದಿನ ಹೆಜ್ಜೆಗೆ ಇಲ್ಲೊಂದು ಹುಡುಗಿಯ ಟ್ಯೂಷನ್ ಫೀಸು ತಗಲುಹಾಕಿಕೊಂಡಿರುತ್ತೆ. ಮಗಳು ಅಪ್ಪನಿಗೆ ಹೇಳದ ಒಂದು ಸಂಗತಿ ಇದೆ. ಆತ ರೆಹಮಾನ್ ಕಣ್ಣಿಗೆ ಬೀಳೋ ಹೊತ್ತಿಗೆ ತಾಯಿಯ ಹತ್ತಿರ ಎಷ್ಟೋ ವರ್ಷ ಪಾಠ ಮಾಡಿದ್ದ, ಮೇಲೆ ಒಂದು ಡಿಗ್ರಿಯನ್ನೂ ಓದಿದ್ದ.

ಶಾಸ್ತ್ರ ಬಿಟ್ಟು ಜನರ ಕಡೆ ಹೊರಟ ಅಂತ ಕೊರಗೋ ಹಿರಿಯರು ಒಂದು ಸಲ ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಹೋಗಿ ಬರಬೇಕು. ಅಲ್ಲಿ ಶ್ರೀಪಾದರಾಜರ ವೃಂದಾವನ ಇದೆ. ಸಂಸ್ಕೃತದ ಮಹಾ ಪಂಡಿತರು, 15ನೇ ಶತಮಾನದಲ್ಲೇ ರಂಗವಿಠಲ ಅಂಕಿತ ಇಟ್ಟು ಕನ್ನಡದಲ್ಲಿ ಪದ ಕಟ್ಟಿದವರು. ಅವರ ಬಳಿ ಓದಿದವರು ವ್ಯಾಸರಾಯರು, ವ್ಯಾಸರಾಯರ ಶಿಷ್ಯರು ಪುರಂದರದಾಸರು. ಮಾಯಾಮಾಳವಗೌಳದ ಸರಳೆ ವರಸೆಯಿಂದ ಪಾಠ ಶುರು ಮಾಡೋ ಪದ್ಧತಿ ಪುರಂದರದಾಸರದು ಅಂತಲೇ ಎಲ್ಲ ಮೇಷ್ಟ್ರೂ ಹೇಳೋದು. ಫ್ರೀಮಾಂಟ್‌ನಲ್ಲಿ ಪಾಠಕ್ಕೆ ಕೂರೋ ಮಕ್ಕಳ ಬಾಯಲ್ಲೂ ಅದೇ ಸರಿಗಮ. ಪಂಡಿತರ ಮಾತನ್ನು ಬೀದಿಯವರ ನಾಲಗೆಗೆ ದಾಟಿಸೋ ಕೆಲಸ ಈ ಜಿಲ್ಲೆಗೆ ಹೊಸದೇನಲ್ಲ.

ಹಾಗಾದರೆ ಕೊನೆಗೆ ಏನ್ಮಾಡ್ತಾನೆ? 2013ರಿಂದ 2024ರವರೆಗಿನ ಆತನ ನಡೆ ನೋಡಿದರೆ ಒಂದನ್ನೂ ಬಿಟ್ಟಿದ್ದು ಕಾಣೋದಿಲ್ಲ. 2019ರಲ್ಲೇ 'ಎಂಟ್ರೊಪಿ' ಅಂತ ಸ್ವಂತ ಆಲ್ಬಂ ಬಂದಿತ್ತು. ಈಗ ಹೋದ, ಈಗ ಹೋದ ಅನ್ನುತ್ತಿದ್ದ ಹಾಗೆಯೇ 'ಶ್ರೀವಲ್ಲಿ' ಬಂತು, 'ಜಗವೇ ನೀನು' ಬಂತು. ಬಿಡು ಅಂತ ಅವಸರ ಮಾಡ್ತಿರೋದು ಅಭಿಮಾನಿಗಳೇ ಹೊರತು ಆತನಲ್ಲ. ಕಷ್ಟ ಇರೋದು ಒಂದೇ. ಡಿಸೆಂಬರಿಗೆ ಇರೋದು 31 ದಿನ, ಮನುಷ್ಯನಿಗಿರೋದು ಒಂದು ಗಂಟಲು. ವಯಸ್ಸು ಏರಿದ ಹಾಗೆ ಸಿನಿಮಾದವರು ಕೇಳೋ ತಾರಸ್ಥಾಯಿ ಎಷ್ಟು ದಿನ ಬರುತ್ತೆ ಅನ್ನೋದನ್ನ ಗಂಟಲೇ ಹೇಳಬೇಕು. ಕಛೇರಿ ಅದಕ್ಕಿಂತ ಹೆಚ್ಚು ದಿನ ಕಾಯುತ್ತೆ.

ಈ ತಾರಸ್ಥಾಯಿಯಿಂದ ಸದ್ಯಕ್ಕೆ ಪೇಚಿಗೆ ಸಿಕ್ಕಿರೋದು ಊರಿನ ಆರ್ಕೆಸ್ಟ್ರಾದವರು. ಗಣೇಶನ ಹಬ್ಬದ ಪೆಂಡಾಲಿನಲ್ಲಿ 'ಜಗವೇ ನೀನು' ಹಾಡಲೇಬೇಕು ಅಂತ ಚೀಟಿ ಬರುತ್ತೆ. ಮೂಲ ಶ್ರುತಿಯಲ್ಲಿ ಹಾಡೋಕೆ ಹೋದರೆ ಮೇಲಿನ ಸಾಲಿಗೆ ದನಿ ಒಡೆಯುತ್ತೆ. ಶ್ರುತಿ ಇಳಿಸಿದರೆ, "ಇದು ಸಿಡ್ ಶ್ರೀರಾಮ್ ಥರಾ ಇಲ್ಲ ಕಣಣ್ಣಾ" ಅಂತ ಮುಂದಿನ ಸಾಲಿನ ಹುಡುಗರು ಕೂಗ್ತಾರೆ. ಇಳಿಸಿಯೇ ಹಾಡೋದು ಅಂತ ಕೀಬೋರ್ಡಿನವನು ತೀರ್ಮಾನ ಮಾಡಿಬಿಡ್ತಾನೆ.